ಖಾಲಿ ಐತ್ರಿ ಅಂದ ಗುರುವಾರ

ಹೋದ ತಿಂಗಳು ಇಂಡಿಯಲ್ಲಿ ನಮ್ಮ ಅತ್ತೆಯವರ ಹನ್ನೊಂದನೇ ದಿನದ ಕಾರ್ಯ ಇತ್ತು. ಸಿಂದಗಿಯಿಂದ ಬೆಳಿಗ್ಗೆ ಬೇಗ ಹೊರಟು ಎಂಟರ ಹೊತ್ತಿಗೆ ಅವರ ಮನೆ ಮುಟ್ಟಿದೆ. ಅಂಗಳಕ್ಕೆ ಕಾಲಿಡುತ್ತಿದ್ದ ಹಾಗೆ ಹಿತ್ತಲಿನಿಂದ ತುಪ್ಪದಲ್ಲಿ ಗೋಧಿ ರವೆ ಹುರಿಯುವ ವಾಸನೆ ಬಂತು. ಬರುವ ಮಂದಿಗೆ ಸಜ್ಜಕ ಮಾಡುತ್ತಿದ್ದರು. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಹೊರಗೆ ಬಂದು ಗಾಡಿಯಲ್ಲಿ ಕೂತೆ. ಗಾಜು ಏರಿಸಿದೆ. ವಾಸನೆ ಅಲ್ಲಿಗೂ ಬಂದಂತೆ ಅನಿಸಿತು. ಹನ್ನೆರಡು ವರ್ಷದಿಂದ ನಾನು ಸಜ್ಜಕ ತಿಂದಿಲ್ಲ. ಸಕ್ಕರೆ ಕಾಯಿಲೆ ಇರಬೇಕು ಅಂದುಕೊಂಡು ಯಾರೂ ಒತ್ತಾಯ ಮಾಡುವುದಿಲ್ಲ.

ಹತ್ತನೇ ಇಯತ್ತೆಗೆ ಓದು ಬಿಟ್ಟವನು ನಾನು. ಬರೆದು ರೂಢಿಯಿಲ್ಲ. ಆದರೆ ಆ ವರ್ಷದ ಹಿಂಗಾರಿಯಲ್ಲಿ ಏನಾಯಿತು ಎಂಬುದನ್ನು ಒಮ್ಮೆಯಾದರೂ ಇದ್ದದ್ದು ಇದ್ದ ಹಾಗೆ ಬರೆದಿಡಬೇಕು ಅಂತ ಆ ಗಾಡಿಯಲ್ಲಿ ಕೂತಾಗ ಅನಿಸಿತು.

ಆಗ ನಾನು ಸುನಂದಾ ಮೇಡಂ ಅವರ ಕಾರು ಓಡಿಸುತ್ತಿದ್ದೆ. ಮೇಡಂ ಅರಿವಳಿಕೆ ಡಾಕ್ಟರು. ಹಳ್ಳಿಯ ಮಂದಿ ‘ಎಚ್ಚರ ತಪ್ಪಿಸೋ ಡಾಕ್ಟರ್ ಬಾಯಿ’ ಅನ್ನುತ್ತಿದ್ದರು. ಕೊಯ್ಯುವ ಡಾಕ್ಟರು ಹೇಗೋ ಸಿಗುತ್ತಿದ್ದರು, ಎಚ್ಚರ ತಪ್ಪಿಸುವವರು ಸಿಗುತ್ತಿರಲಿಲ್ಲ. ಹೀಗಾಗಿ ಸಿಂದಗಿಯಲ್ಲಿ ಮನೆ ಮಾಡಿಕೊಂಡಿದ್ದ ಮೇಡಂ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಾ ಕಡೆಯ ಖಾಸಗಿ ಆಸ್ಪತ್ರೆಗಳಿಗೆ ಓಡಾಡುತ್ತಿದ್ದರು. ಬೆಳಿಗ್ಗೆ ಬಾಗೇವಾಡಿಯಲ್ಲಿ ಹರ್ನಿಯಾ, ಮಧ್ಯಾಹ್ನ ಮುದ್ದೇಬಿಹಾಳದಲ್ಲಿ ಗರ್ಭಕೋಶ, ಸಂಜೆ ತಿರುಗಿ ಸಿಂದಗಿಗೆ. ಹಿಂದಿನ ಸೀಟಿನಲ್ಲಿ ಅವರ ಕಪ್ಪು ಪೆಟ್ಟಿಗೆ ಇರುತ್ತಿತ್ತು. ಅದರಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಉಸಿರಿನ ನಳಿಕೆಗಳು, ಮುಖಕ್ಕೆ ಹಿಡಿಯುವ ಮಾಸ್ಕು, ಗಂಟಲೊಳಗೆ ನೋಡಲು ತುದಿಗೆ ದೀಪವಿದ್ದ ಬಾಗಿದ ಅಲಗು. ಆಸ್ಪತ್ರೆಯವರದ್ದನ್ನು ಅವರು ನಂಬುತ್ತಿರಲಿಲ್ಲ. ಹೊರಡುವ ಮುಂಚೆ ಪ್ರತಿ ಸಲ ಆ ದೀಪ ಹತ್ತಿಸಿ ನೋಡಿ, ಆರಿಸಿ, ಆಮೇಲೆ ‘ನಡಿ ಶರಣಪ್ಪ’ ಅನ್ನುತ್ತಿದ್ದರು.

ಅವರು ಮಾಡುವ ಕೆಲಸ ಏನು ಅಂತ ಒಂದು ದಿನ ದೇವರ ಹಿಪ್ಪರಗಿ ದಾಟಿದ ಮೇಲೆ ಕೇಳಿದ್ದೆ. ಇಂಜೆಕ್ಷನ್ ಕೊಟ್ಟು ಮಲಗಿಸಿ ಸುಮ್ಮನೆ ಕೂಡುತ್ತಾರೆ ಅಂತಲೇ ನಾನು ತಿಳಿದಿದ್ದೆ.

‘ಮಲಗಸೂದು ದೊಡ್ಡದಲ್ಲೋ’ ಅಂದರು. ‘ನೀ ನಿದ್ದಿ ಮಾಡಿದಾಗ ನಿನ್ನ ಗಂಟಲಾ ಎಚ್ಚರ ಇರತೈತಿ. ಉಗುಳ ತಪ್ಪಿ ಉಸಿರಿನ ದಾರಿಗೆ ಹೊಂಟ್ರ ಕೆಮ್ಮತಿ, ಏಳತಿ. ನಾ ಔಷಧ ಕೊಟ್ಟ ಮ್ಯಾಲ ಅದೂ ಮಲಗತೈತಿ. ಅನ್ನದ ದಾರಿ, ಉಸಿರಿನ ದಾರಿ ಎರಡೂ ಬಾಯಿ ತಕ್ಕೊಂಡು ಬಾಜೂಕ ಬಾಜೂಕ ಇರತಾವು, ಕಾಯಾಕ ಯಾರೂ ಇರೂದಿಲ್ಲ. ಆ ಹೊತ್ತಿನಾಗ ನಾ ಕಾಯಬೇಕು. ಉಸಿರಿನ ದಾರಿಗೆ ನಳಿಕಿ ಹಾಕಿ ಭದ್ರ ಮಾಡೂತನ ನನ್ನ ಜೀವಾ ಕೈಯಾಗ ಇರತೈತಿ.’

‘ಎಷ್ಟೊತ್ತು ಬೇಕ್ರಿ ಅದಕ್ಕ?’

‘ಎಲ್ಲಾ ಸರಿ ಇದ್ರ ಒಂದ ನಿಮಿಷಿಲ್ಲ. ಸರಿ ಇಲ್ಲಂದ್ರ ಆ ಒಂದ ನಿಮಿಷ ಮುಗಿಯೂದ ಇಲ್ಲ.’

ಅದಕ್ಕೇ ಅವರು ಆಪರೇಷನ್ನಿನ ಮೊದಲು ಪೇಶಂಟಿನ ಮಂಚದ ಮೇಲೆ ತಾವೇ ಕೂತು ನೋಡುತ್ತಿದ್ದರು. ‘ಬಾಯಿ ಆಂ ಮಾಡ್ರಿ’ ಅಂದು ತಮ್ಮ ಮೂರು ಬೆರಳು ನಿಲ್ಲಿಸಿ ಹಲ್ಲಿನ ನಡುವೆ ಹಿಡಿಯುವರು. ಮೂರು ಬೆರಳು ಹೋದರೆ ಸರಿ. ಆಮೇಲೆ ಕುತ್ತಿಗೆ ಹಿಂದಕ್ಕೆ ಬಾಗಿಸಿ ನೋಡುವರು, ಅಲುಗಾಡುವ ಹಲ್ಲು ಇದೆಯಾ ಕೇಳುವರು. ಮುದ್ದೇಬಿಹಾಳದಲ್ಲಿ ಒಬ್ಬ ಇಪ್ಪತ್ತೈದರ ಹುಡುಗನ ಬಾಯಿಗೆ ಒಂದು ಬೆರಳೂ ಹೋಗಲಿಲ್ಲ. ಗುಟ್ಕಾ ತಿಂದು ತಿಂದು ಗಲ್ಲ ಚರ್ಮದ ಚೀಲದಂತೆ ಬಿಗಿದಿತ್ತು.

‘ಇಲ್ಲಿ ಆಗೂದಿಲ್ಲ, ವಿಜಯಪುರಕ್ಕ ಕರಕೊಂಡು ಹೋಗ್ರಿ’ ಅಂದರು ಮೇಡಂ.

ಅವನ ಕಾಕಾ ಸಿಟ್ಟಿಗೆದ್ದ. ‘ಕೊಯ್ಯೂದು ಹೊಟ್ಟಿ, ನೀವು ನೋಡೂದು ಬಾಯಿ! ದನದ ಸಂತ್ಯಾಗ ಹಲ್ಲ ಎಣಸಿದಂಗ ಮಾಡತೀರಲ್ರಿ!’

‘ದನಾ ಆದ್ರ ಗುಟ್ಕಾ ತಿನ್ನತಿರಲಿಲ್ರಿ ಯಜಮಾನ್ರ’ ಅಂದು ಮೇಡಂ ಎದ್ದು ಬಂದರು. ನಾನು ನಕ್ಕಿದ್ದು ನೋಡಿ ಅವರೂ ನಕ್ಕರು. 

ನಾಲತವಾಡದ ಒಬ್ಬ ಅಜ್ಜನದು ಇನ್ನೊಂದು ಕಥೆ. ಕಟ್ಟಿಸಿದ ಹಲ್ಲಿನ ಸೆಟ್ಟು ತೆಗೆಯಬೇಕು ಅಂದರೆ ಸುತಾರಾಂ ಒಪ್ಪಲಿಲ್ಲ. ಬೀಗರು ಬಂದು ಸುತ್ತ ನಿಂತಿದ್ದರು. ನಾನು ಬೀಗರನ್ನು ಚಹಾಕ್ಕೆ ಕರೆದೊಯ್ಯುವ ನೆಪದಲ್ಲಿ ಹೊರಗೆ ಸಾಗಿಸಿದೆ. ಹೋಗುವಾಗ ಅಜ್ಜ ಗುಟ್ಟಾಗಿ ನನ್ನ ಕೈಗೆ ಒಂದು ಕರವಸ್ತ್ರದ ಗಂಟು ಕೊಟ್ಟ. ಬಾಗೇವಾಡಿ ಮುಟ್ಟಿ ಕಿಸೆಗೆ ಕೈ ಹಾಕಿದಾಗ ಹಲ್ಲು ಕೈಗೆ ಬಂದವು. ಮರುದಿನ ಅವನ್ನು ತಿರುಗಿ ಕೊಡಲು ಹೋದಾಗ ಅಜ್ಜ ಬಾಯಿಗೆ ಟವೆಲ್ಲು ಮುಚ್ಚಿಕೊಂಡು ಮಲಗಿದ್ದ. ಬೀಗರ ಮುಂದೆ ಬಾಯಿ ತೆರೆಯಬೇಕಾದೀತು ಅಂತ ನೀರೂ ಕುಡಿದಿರಲಿಲ್ಲ.

ನನ್ನ ನಿಜವಾದ ಕೆಲಸ ಶುರುವಾದದ್ದು ಬಾಗೇವಾಡಿಯಲ್ಲಿ. ಹರ್ನಿಯಾದ ಪೇಶಂಟೊಬ್ಬ ‘ರಾತ್ರಿಯಿಂದ ಹನಿ ನೀರು ಮುಟ್ಟಿಲ್ರಿ’ ಅಂತ ಮೇಡಂಗೆ ಹೇಳಿದ್ದ. ಹೊರಗೆ ಚಹಾದಂಗಡಿಯಲ್ಲಿ ಅವನ ಅಣ್ಣ ನನ್ನ ಪಕ್ಕದಲ್ಲಿ ಕೂತು, ‘ಎರಡ ರೊಟ್ಟಿ ತಿಂದ ಬಂದಾನ್ರಿ ನಮ್ಮಾಂವ. ಬರೇ ಹೊಟ್ಟಿಲೆ ಚಾಕು ಹೆಂಗ ತಡಕೋತಾನ?’ ಅಂದ. ನಾನು ಚಹಾ ಬಿಟ್ಟು ಓಡಿದೆ. ಬಾಗಿಲಲ್ಲಿ ಮೇಡಂ ಕೈ ತೊಳೆಯುತ್ತಿದ್ದರು. ‘ನಿಲ್ರಿ’ ಅಂದೆ. ಅಷ್ಟೇ. ಆಪರೇಷನ್ ಮರುದಿನಕ್ಕೆ ಹೋಯಿತು.

ಡಾಕ್ಟರಿಗೆ ಯಾರೂ ಖರೆ ಹೇಳುವುದಿಲ್ಲ. ಹೇಳಿದರೆ ಆಪರೇಷನ್ ಮುಂದೆ ಹೋಗುತ್ತದೆ, ಬಂದ ಬಳಗ ಹಿಂದೆ ಹೋಗಬೇಕಾಗುತ್ತದೆ ಅಂತ ಅಂಜಿಕೆ. ಚಹಾ ನಮ್ಮ ಕಡೆ ತಿಂದದ್ದರ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಡ್ರೈವರನ ಮುಂದೆ ಎಲ್ಲಾ ಹೇಳುತ್ತಾರೆ. ಅಂದಿನಿಂದ ಮೇಡಂ ಒಳಗೆ ಪೇಶಂಟನ್ನು ನೋಡುವಾಗ ನಾನು ಹೊರಗೆ ಅವರ ಮಂದಿಯ ಜೊತೆ ಕೂತು ಊರು, ಬೆಳೆ ಮಾತಾಡಿ ಹೊಟ್ಟೆಯ ಸುದ್ದಿ ತೆಗೆಯುತ್ತಿದ್ದೆ. ಆಮೇಲೆ ಮೇಡಂ ಬಾಗಿಲಿಗೆ ಬಂದು ಬರೀ ನನ್ನ ಹೆಸರು ಕರೆಯುವರು. ‘ಶರಣಪ್ಪ?’ ನಾನು ‘ಖಾಲಿ ಐತ್ರಿ’ ಅನ್ನಬೇಕು, ಇಲ್ಲವಾದರೆ ‘ನಿಲ್ರಿ’ ಅನ್ನಬೇಕು. ನಮ್ಮಿಬ್ಬರ ನಡುವೆ ಬೇರೆ ಮಾತು ಬೇಕಾಗಿರಲಿಲ್ಲ. ನನ್ನ ಆ ಎರಡು ಮಾತಿನ ಮೇಲೆ ಅವರು ಒಂದು ಜೀವವನ್ನು ಮಲಗಿಸುತ್ತಿದ್ದರು. ಒಳಗೊಳಗೇ ನನಗೆ ಅದರ ಹೆಮ್ಮೆಯಿತ್ತು.

ಆ ವರ್ಷ ಹಿಂಗಾರಿ ಮಳೆ ಜೋರಾಗಿ ಹಿಡಿಯಿತು. ಬಿಳಿಜೋಳ ಬಿತ್ತಲು ಹೊಲಕ್ಕೆ ಕಾಲಿಡಲು ಆಗುತ್ತಿರಲಿಲ್ಲ. ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಡಾಂಬರಿನ ಮೇಲೂ ಬರುತ್ತಿತ್ತು. ವಾರದಲ್ಲಿ ಎರಡು ದಿನವಾದರೂ ಯಾವುದಾದರೊಂದು ಹಳ್ಳದ ದಂಡೆಯಲ್ಲಿ, ನೀರು ಇಳಿಯಲಿ ಅಂತ ಮೇಡಂ ಮತ್ತು ನಾನು ಗಾಡಿ ನಿಲ್ಲಿಸಿಕೊಂಡು ಕೂಡುತ್ತಿದ್ದೆವು. ಅದೇ ಮಳೆಗಾಲದಲ್ಲಿ ನನ್ನ ಹೆಂಡತಿ ನೀಲವ್ವನಿಗೆ ಬಲಗಡೆ ಪಕ್ಕೆಯ ಕೆಳಗೆ ನೋವು ಶುರುವಾಯಿತು. ಪಿತ್ತಕೋಶದಲ್ಲಿ ಹರಳು ಅಂದರು. ಸಿಂದಗಿಯಲ್ಲೇ ಆಪರೇಷನ್ ಅಂತಾಯಿತು. ಅದನ್ನು ಮಾಡುವ ಸರ್ಜನ್ನರು ವಿಜಯಪುರದಿಂದ ಗುರುವಾರ ಮಾತ್ರ ಬರುತ್ತಿದ್ದರು.

ನೀಲವ್ವ ಅಂಜಿಕೆಯನ್ನು ನಗೆಯಲ್ಲೇ ಮುಚ್ಚುವವಳು. ಮನೆಯಲ್ಲಿ ನಾನು ಮೂರು ಬೆರಳು ನಿಲ್ಲಿಸಿ ‘ಆಂ ಮಾಡು’ ಅಂದರೆ, ‘ನಿಮ್ಮ ಮೇಡಂ ನನ್ನ ಬಾಯಾಗ ಬೆರಳ ಇಟ್ರ ಕಚ್ಚೇ ಬಿಡತೇನಿ ನೋಡ್ರಿ’ ಅನ್ನುವಳು. ಆರು ವರ್ಷದ ಮಗಳು ಗೌರಿ ಅದನ್ನು ನೋಡಿ ತನ್ನ ಬೆರಳುಗಳನ್ನು ತಾನೇ ಬಾಯಿಗೆ ತುರುಕಿಕೊಂಡು ಕೆಮ್ಮುವಳು.

ಮೊದಲ ಗುರುವಾರ ನೀಲವ್ವ ಹಿಂದಿನ ರಾತ್ರಿಯಿಂದ ಉಪವಾಸ ಇದ್ದು ಆಸ್ಪತ್ರೆಯಲ್ಲಿ ಮಲಗಿದ್ದಳು. ಅಷ್ಟರಲ್ಲಿ ಮುದ್ದೇಬಿಹಾಳದಿಂದ ಫೋನು ಬಂತು. ಹೆರಿಗೆ ಕೇಸು, ರಕ್ತ ನಿಲ್ಲುತ್ತಿಲ್ಲ. ಹೆಂಡತಿಯನ್ನು ಮಂಚದ ಮೇಲೆ ಬಿಟ್ಟು ಮೇಡಂ ಅವರನ್ನು ನಾನೇ ಕರೆದೊಯ್ದೆ. ಎರಡನೆಯ ಗುರುವಾರ ಸರ್ಜನ್ನರು ಹಳ್ಳ ಬಂದು ದಾರಿಯಲ್ಲೇ ಸಿಕ್ಕಿಕೊಂಡರು. ಮಧ್ಯಾಹ್ನದ ತನಕ ಒಣಗಿದ ಬಾಯಲ್ಲಿ ಕಾಯ್ದು ನೀಲವ್ವ ಮನೆಗೆ ಬಂದಳು. ಆ ವಾರ ಎರಡು ಸಲ ನೋವು ಬಂದು ನೆಲದ ಮೇಲೆ ಉರುಳಾಡಿದಳು. ಇನ್ನು ತಡ ಮಾಡಬೇಡಿ ಅಂತ ಸರ್ಜನ್ನರೂ ಹೇಳಿದರು.

ಮೂರನೆಯ ಗುರುವಾರಕ್ಕೆ ಮೊದಲು ಮೂರು ದಿನ ನೀಲವ್ವ ಇಂಡಿಯಲ್ಲಿ ತಾಯಿಯ ಹತ್ತಿರ ಇದ್ದಳು. ಗೌರಿಯನ್ನು ಅಲ್ಲಿ ಬಿಡಬೇಕಿತ್ತು. ಅವತ್ತು ಬೆಳಿಗ್ಗೆ ಕರೆದೊಯ್ಯಲು ನಾನು ಹೋದಾಗ ಆರೂವರೆ, ಗೌರಿ ಇನ್ನೂ ಮಲಗಿದ್ದಳು. ಅತ್ತೆಯವರು ಮಗಳನ್ನು ದೇವರ ಜಗಲಿಯ ಮುಂದೆ ಮಣೆಯ ಮೇಲೆ ಕೂಡಿಸಿ ಉಡಿ ತುಂಬುತ್ತಿದ್ದರು. ಅಕ್ಕಿ, ಕೊಬ್ಬರಿ, ಅರಿಶಿನದ ಕೊನೆ. ನಮ್ಮಲ್ಲಿ ಮಗಳನ್ನು ದೊಡ್ಡ ಕೆಲಸಕ್ಕೆ ಕಳಿಸುವಾಗ ಉಡಿ ತುಂಬಿ ಬಾಯಿ ಸಿಹಿ ಮಾಡಿಯೇ ಕಳಿಸುತ್ತಾರೆ. ಪಕ್ಕದಲ್ಲಿ ಹಿತ್ತಾಳೆ ಬಟ್ಟಲಲ್ಲಿ ಸಜ್ಜಕ ಹಬೆಯಾಡುತ್ತಿತ್ತು.

‘ಅತ್ತಿ, ಉಣಬಾರದ್ರಿ ಆಕಿ’ ಅಂದೆ.

‘ಉಣ್ಣೂದೇನಲ್ರಿ ಅಳ್ಯಾರ, ಒಂದ ತುತ್ತು ಬಾಯಿ ಸಿಹಿ’ ಅಂದರು. ‘ಎರಡ ಸಲ ಉಪಾಸ ಕೆಡವಿ ಹೊಳ್ಳಿ ಕಳಿಸ್ಯಾರ. ಇವತ್ತೂ ಹೊಳ್ಳಿ ಕಳಸೂದಿಲ್ಲಂತ ಯಾರು ಹೇಳ್ಯಾರ? ನೋಡ್ರಿ, ಮುಖಾ ಹೆಂಗ ಬತ್ತೈತಿ.’

ಒಂದು ತುತ್ತು ಎರಡಾಯಿತು. ನೀಲವ್ವ ಮೂರು ದಿನದಿಂದ ನೋವಿಗೆ ಅಂಜಿ ಸರಿಯಾಗಿ ಉಂಡಿರಲಿಲ್ಲ. ತಾಯಿಯ ಕೈಯಿಂದ ಎಳೆ ಮಗುವಿನ ಹಾಗೆ ತಿನ್ನುತ್ತಿದ್ದಳು. ಬಟ್ಟಲು ಖಾಲಿಯಾಯಿತು. ಮೇಲೆ ಅರ್ಧ ಲೋಟ ಹಾಲು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ನೂರು ಮನೆಯ ಮಂದಿಯ ಬಾಯಿಂದ ಹೊಟ್ಟೆಯ ಸುದ್ದಿ ತೆಗೆದವನು ನನ್ನ ಕಣ್ಣ ಮುಂದಿನದ್ದಕ್ಕೆ ಮತ್ತೇನೂ ಅನ್ನಲಿಲ್ಲ. ಅತ್ತೆಯನ್ನು ತಡೆಯಲು ನನಗೆ ಬಾಯಿ ಬರಲಿಲ್ಲ.

‘ನಿಮ್ಮ ಡಾಕ್ಟರ್ ಬಾಯಿಗೆ ಹೇಳಬ್ಯಾಡ್ರಿ ಮತ್ತ’ ಅಂದು ಅತ್ತೆಯವರು ಸೆರಗಿನಿಂದ ಮಗಳ ಬಾಯಿ ಒರೆಸಿದರು.

ಗಾಡಿಯಲ್ಲಿ ನೀಲವ್ವ ಕೇಳಿದಳು. ‘ಹೇಳತೀರೇನ್ರಿ?’

‘ಹೇಳಿದ್ರ ಇವತ್ತು ಆಗೂದಿಲ್ಲ.’

‘ಮುಂದಿನ ಗುರುವಾರತನ ನನಗ ಆಗೂದಿಲ್ರಿ’ ಅಂದಳು. ಸ್ವಲ್ಪ ಹೊತ್ತಿನ ಮೇಲೆ, ‘ಬಟ್ಟಲ ಸಣ್ಣದಿತ್ತು’ ಅಂದಳು. ಆ ದಾರಿಯುದ್ದಕ್ಕೂ ನಿಂಬೆ ತೋಟ. ಮಳೆ ನಿಂತು ಬಿಸಿಲು ಬಿದ್ದಿತ್ತು. ಅವಳು ಕಿಟಕಿಗೆ ತಲೆಯಿಟ್ಟು ಮಲಗಿದಳು. ಆಪರೇಷನ್ ಹತ್ತು ಗಂಟೆಗೆ. ಅಷ್ಟರಲ್ಲಿ ಮೂರೂವರೆ ತಾಸು ಆಗಿರುತ್ತದೆ, ಸಣ್ಣ ಬಟ್ಟಲು, ಕರಗಿರುತ್ತದೆ ಅಂತ ನನಗೆ ನಾನೇ ಹೇಳಿಕೊಂಡು ಬಂದೆ. ಹರಳಿದ್ದವರ ಹೊಟ್ಟೆ ಬೇಗ ಖಾಲಿಯಾಗುವುದಿಲ್ಲ, ಹಾಲು ತುಪ್ಪ ಕೂತೇ ಇರುತ್ತದೆ ಅಂತ ಮೇಡಂ ಒಮ್ಮೆ ಹೇಳಿದ್ದರು. ಅದನ್ನು ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ.

ಒಂಬತ್ತೂವರೆಗೆ ಮೇಡಂ ಬಂದು ನೀಲವ್ವನ ಮಂಚದ ಮೇಲೆ ಕೂತರು. ‘ಆಂ ಮಾಡವಾ.’ ಮೂರು ಬೆರಳು. ಅವಳು ಕಚ್ಚಲಿಲ್ಲ. ಕುತ್ತಿಗೆ ಬಾಗಿಸಿದರು, ಹಲ್ಲು ನೋಡಿದರು. ‘ಛಲೋ ಐತಿ, ಇಂಥಾ ಗಂಟಲಾ ಎಲ್ಲಾರಿಗೂ ಇದ್ರ ನನ್ನ ಕೆಲಸ ಹಗರ ಆಗತಿತ್ತು’ ಅಂದು ಅವಳ ಗಲ್ಲ ತಟ್ಟಿದರು. ಏನಾದರೂ ತಿಂದೆಯಾ ಅಂತ ಅವಳನ್ನು ಕೇಳಲಿಲ್ಲ. ಬಾಗಿಲ ಕಡೆ ತಿರುಗಿದರು.

‘ಶರಣಪ್ಪ?’

ನೀಲವ್ವ ನನ್ನನ್ನೇ ನೋಡುತ್ತಿದ್ದಳು.

‘ಖಾಲಿ ಐತ್ರಿ’ ಅಂದೆ.

ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಆಗಿರಲಿಲ್ಲ, ಒಳಗೆ ನೀರು ಎಳೆಯುವ ಯಂತ್ರದ ಸದ್ದು ಒಮ್ಮೆಲೇ ಜೋರಾಯಿತು. ‘ತಲಿ ಕೆಳಗ ಮಾಡ್ರಿ! ಬಾಜೂಕ ತಿರಗಸ್ರಿ!’ ಅಂತ ಮೇಡಂ ಕೂಗುವುದು ಕೇಳಿಸಿತು. ಅವರು ಕೂಗಿದ್ದನ್ನು ಅಲ್ಲಿಯ ತನಕ ನಾನು ಕೇಳಿರಲಿಲ್ಲ. ಔಷಧ ಏರಿ ನೀಲವ್ವನ ಎಚ್ಚರ ತಪ್ಪಿದ್ದೇ ತಡ, ನಳಿಕೆ ಹಾಕುವ ಮೊದಲೇ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಉಸಿರಿನ ದಾರಿಗೆ ಇಳಿದಿತ್ತು. ಅದನ್ನು ಎಳೆದು ಎಳೆದು ತೆಗೆದು ಅದರ ನಡುವೆಯೇ ಮೇಡಂ ನಳಿಕೆ ಹಾಕಿದರು ಅಂತ ಆಮೇಲೆ ಸಿಸ್ಟರ್ ಹೇಳಿದರು. ಬೇರೆ ಯಾರಿದ್ದರೂ ಅವಳು ಅಲ್ಲೇ ಹೋಗುತ್ತಿದ್ದಳಂತೆ.

ಮೇಡಂ ಹೊರಗೆ ಬಂದರು. ಹಸಿರು ಗೌನಿನ ತೋಳಿನ ಮೇಲೆ ರವೆಯ ಕಾಳು ಅಂಟಿತ್ತು.

‘ಎಷ್ಟೊತ್ತಿಗೆ ತಿಂದ್ಲು?’

‘ಆರೂವರಿಗ್ರಿ.’

‘ಎಷ್ಟು?’

‘ಒಂದ ಬಟ್ಟಲ್ರಿ. ಮ್ಯಾಲ ಹಾಲು.’

ಬೈಯಲಿಲ್ಲ. ತಿರುಗಿ ಒಳಗೆ ಹೋದರು. ಅರ್ಧ ತಾಸಿನಲ್ಲಿ ಅಂಬುಲೆನ್ಸಿನಲ್ಲಿ ಅವರೇ ಗಾಳಿಯ ಚೀಲ ಒತ್ತುತ್ತಾ ನೀಲವ್ವನ ಜೊತೆ ವಿಜಯಪುರಕ್ಕೆ ಹೊರಟರು. ಹಿಂದೆ ನಾನು ಖಾಲಿ ಕಾರು ಓಡಿಸಿಕೊಂಡು ಹೋದೆ.

ಒಂಬತ್ತು ದಿನ ದೊಡ್ಡ ಆಸ್ಪತ್ರೆಯಲ್ಲಿ ಯಂತ್ರದ ಮೇಲೆ ಇದ್ದಳು. ಬಾಯಲ್ಲಿ ನಳಿಕೆ, ಮಾತಿಲ್ಲ. ಶ್ವಾಸಕೋಶ ಸುಟ್ಟ ಹಾಗಾಗಿದೆ ಅಂದರು. ಮೇಡಂ ನಾಲ್ಕೂ ಊರಿನ ಕೆಲಸ ಮುಗಿಸಿ ದಿನಾ ಬರುತ್ತಿದ್ದರು. ಗಾಜಿನ ಬಾಗಿಲಿನ ಆಚೆ ನಿಂತು ಅಲ್ಲಿಯ ಡಾಕ್ಟರ ಜೊತೆ ಮಾತಾಡಿ, ನನ್ನ ಹತ್ತಿರ ಬಂದು ಬೆಂಚಿನ ಇನ್ನೊಂದು ತುದಿಗೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದರು. ಅತ್ತೆಯವರು ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದರು. ಆ ಒಂಬತ್ತು ದಿನ ಅವರು ಏನು ಉಂಡರೋ ನಾನು ನೋಡಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ನೀಲವ್ವ ಹೋದಳು.

ನೀಲವ್ವನ ತಮ್ಮ ಸಿದ್ದಪ್ಪ ಮೇಡಂ ಅವರನ್ನು ಆಸ್ಪತ್ರೆಯಲ್ಲೇ ಕೇಳಿದ್ದ, ಏನಾಯಿತು ಅಂತ. ಹೊಟ್ಟೆಯಲ್ಲಿದ್ದದ್ದು ಉಸಿರಿನ ದಾರಿಗೆ ಹೋಯಿತು ಅಂತಷ್ಟೇ ಅವರು ಹೇಳಿದ್ದರು. ಯಾರ ಹೆಸರನ್ನೂ ತೆಗೆದಿರಲಿಲ್ಲ, ನನ್ನದನ್ನೂ. ಆ ಗುರುವಾರ ಬೆಳಿಗ್ಗೆ ಮನೆಯಲ್ಲಿರದ ಸಿದ್ದಪ್ಪನಿಗೆ ಅದು ಸುಳ್ಳಾಗಿ ಕಂಡಿತು. ಮಣ್ಣು ಮಾಡಿದ ಮೂರನೆಯ ದಿನ ಇಂಡಿಯ ಮನೆಯ ಮುಂದೆ ಎರಡು ಟಂಟಂ ಗಾಡಿ ಬಂದು ನಿಂತವು. ಓಣಿಯ ಇಪ್ಪತ್ತು ಮಂದಿ ಕೂಡಿದ್ದರು.

‘ಉಪಾಸ ಇದ್ದಾಕಿ ಹೊಟ್ಟ್ಯಾಗ ಏನ್ ಇರತೈತಿ ಬರಾಕ? ಏ, ಔಷಧ ಹೆಚ್ಚಿಗಿ ಕೊಟ್ಟ ಕೊಂದಾಳ ಆಕಿ’ ಅಂತ ಸಿದ್ದಪ್ಪ ಕೂಗುತ್ತಿದ್ದ. ‘ಇವತ್ತ ಸಿಂದಗ್ಯಾಗ ಒಂದ ಗಾಜ ಉಳಿಯೂದಿಲ್ಲ. ಆಕಿನ್ನ ಹೊರಗ ಎಳಕೊಂಡ ಬಂದು ನಾಕೂ ಊರಾಗ ಮುಖಾ ತೋರಸದಂಗ ಮಾಡತೇನಿ. ಮಾವ, ನೀ ಬರತೀಯೋ, ಆಕಿ ಗಾಡಿ ಒರಸಕೋಂತ ಇಲ್ಲೇ ಇರತೀಯೋ?’

ಬಾಗಿಲಲ್ಲಿ ಅತ್ತೆಯವರು ನಿಂತಿದ್ದರು. ಅವರ ಸೊಂಟಕ್ಕೆ ಆತುಕೊಂಡು ಗೌರಿ. ಅತ್ತೆಯವರ ತುಟಿ ಅಲುಗಿದ್ದು ನನಗೆ ಕಂಡಿತು. ಅವರು ಹೇಳುವವರಿದ್ದರು. ಹೇಳಿದರೆ ಈ ಮಂದಿ ಇಲ್ಲೇ ನಿಲ್ಲುತ್ತಾರೆ, ಮೇಡಂ ಉಳಿಯುತ್ತಾರೆ, ಅದೂ ಹೊಳೆಯಿತು. ಆದರೆ ನನಗೆ ಕಂಡದ್ದು ಗೌರಿಯ ತಲೆಯ ಮೇಲಿದ್ದ ಅವರ ಕೈ. ನಾನು ಊರೂರು ತಿರುಗುವ ಡ್ರೈವರ. ಗೌರಿ ಇನ್ನು ಮೇಲೆ ಆ ಕೈಯಿಂದಲೇ ಉಣ್ಣಬೇಕು.

‘ನಾನ ತಿನ್ನಿಸಿದೆ’ ಅಂದೆ.

ಯಾರಿಗೂ ತಿಳಿಯಲಿಲ್ಲ. ಸಿದ್ದಪ್ಪ ‘ಏನು?’ ಅಂದ.

‘ದಾರ್ಯಾಗ ಗಾಡಿ ನಿಲ್ಲಿಸಿ ನಾನ ಆಕಿಗೆ ತಿನ್ನಿಸಿದೆ. ಹಸದಾಳಂತ. ಡಾಕ್ಟರು ಕೇಳಿದಾಗ ಖಾಲಿ ಐತಿ ಅಂತ ಸುಳ್ಳ ಹೇಳಿದವನೂ ನಾನ. ಅವರದೇನೂ ತಪ್ಪಿಲ್ಲ.’

ಸಿದ್ದಪ್ಪ ಹೊಡೆದ. ಒಂದಲ್ಲ, ಕೈ ಸೋಲುವ ತನಕ. ‘ಡಾಕ್ಟರ್ ಸಂಗಡ ಇದ್ದಾಂವ ಅದೀಯಲ್ಲೋ, ನಿನಗ ಗೊತ್ತಿರಲಿಲ್ಲೇನು?’ ಅಂತ ಕೇಳುತ್ತಾ ಹೊಡೆದ. ಆ ಮಾತು ಸರಿಯಾಗೇ ಇತ್ತು. ಟಂಟಂಗಳು ತಿರುಗಿ ಹೋದವು. ನಾನು ಎದ್ದು ನೋಡಿದಾಗ ಅತ್ತೆಯವರು ಒಳಗೆ ಹೋಗಿದ್ದರು.

ಹದಿನೈದು ದಿನದ ಮೇಲೆ ಮೇಡಂ ಕರೆಸಿದರು. ಕೆಲಸ ಬಿಡಿಸುತ್ತಾರೆ ಅಂತ ಕೀಲಿಯನ್ನು ಮೇಜಿನ ಮೇಲಿಟ್ಟೆ.

‘ತಗೋ ಅದನ್ನ’ ಅಂದರು. ‘ನಾನೂ ಕೇಳಬೇಕಿತ್ತು. ನಿನ್ನ ಹೆಂಡತಿ ಅದಾಳ, ನೀ ಸುಳ್ಳ ಹೇಳೂದಿಲ್ಲಂತ ಆಕಿನ್ನ ಒಂದ ಮಾತ ಕೇಳಲಿಲ್ಲ. ಮೂವತ್ತ ವರ್ಷ ಈ ಕೆಲಸ ಮಾಡಿ ನಾ ಹಂಗ ಮಾಡಿದೆ. ನೀ ಗಾಡಿ ನಡಸು. ಇನ್ನ ಮ್ಯಾಲ ಹೊಟ್ಟಿ ವಿಚಾರ ಎಲ್ಲಾರನ್ನೂ ನಾನ ಕೇಳತೇನಿ.’

ಹಾಗೇ ಆಯಿತು. ಮತ್ತೆ ಅವರು ಬಾಗಿಲಿಗೆ ಬಂದು ನನ್ನ ಹೆಸರು ಕರೆಯಲಿಲ್ಲ. ಆಸ್ಪತ್ರೆ ಮುಟ್ಟಿದ ಮೇಲೆ ನಾನು ಗಾಡಿಯಲ್ಲೇ ಕೂಡುತ್ತಿದ್ದೆ. ಆ ಚಳಿಗಾಲ ಕಬ್ಬಿನ ಟ್ರಾಕ್ಟರುಗಳ ಹಿಂದೆ ಹಿಂದೆ ಸಿಂದಗಿ, ಇಂಡಿ, ಬಾಗೇವಾಡಿ ಅಂತ ಓಡಾಡಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಎರಡು ವರ್ಷದ ಮೇಲೆ ಮೇಡಂ ಮಂಡಿ ನೋವು ಅಂತ ಕೆಲಸ ಬಿಟ್ಟು ಮಗಳ ಊರಿಗೆ ಹೋದರು. ನಾನು ಸಿಂದಗಿಯಲ್ಲಿ ಬಾಡಿಗೆ ಗಾಡಿ ಓಡಿಸತೊಡಗಿದೆ.

ಗೌರಿ ಇಂಡಿಯಲ್ಲಿ ಬೆಳೆದಳು. ಅಜ್ಜಿಯನ್ನು ಆಯಿ ಅನ್ನುತ್ತಿದ್ದಳು. ಆಯಿ ತಲೆ ಬಾಚಬೇಕು, ಆಯಿ ಉಣಿಸಬೇಕು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಓಣಿಯಲ್ಲಿ ಯಾರು ಹೇಳಿದರೋ, ಅವ್ವನಿಗೆ ಅಪ್ಪ ತಿನ್ನಿಸಿದ್ದು ಅವಳ ಕಿವಿಗೂ ಬಿದ್ದಿತ್ತು. ಎಂಟು ವರ್ಷದವಳಿದ್ದಾಗ ಒಂದು ಭಾನುವಾರ ಪೇಡೆ ತೆಗೆದುಕೊಂಡು ಹೋಗಿದ್ದೆ. ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ನೋಡಿದಳು. ಆಮೇಲೆ ಕೇಳಿದಳು.

‘ಇದನ್ನ ತಿಂದ್ರ ನನಗೇನೂ ಆಗೂದಿಲ್ಲಲ್ಲ?’

ಒಲೆಯ ಮುಂದಿದ್ದ ಅತ್ತೆಯವರ ಕೈಯಿಂದ ಸೌಟು ಬಿತ್ತು. ನಾನು ‘ಇಲ್ಲವಾ, ಏನಾಗೂದಿಲ್ಲ’ ಅಂದೆ. ಅವಳು ಅದನ್ನು ಗೋಡೆಯ ಗೂಡಿನಲ್ಲಿ ಇಟ್ಟು ಆಡಲು ಹೋದಳು. ಅಂದಿನಿಂದ ತಿನ್ನುವುದನ್ನು ನಾನು ಒಯ್ಯಲಿಲ್ಲ. ಪುಸ್ತಕ, ಬಟ್ಟೆ, ಚಪ್ಪಲಿ ಒಯ್ಯುತ್ತಿದ್ದೆ. ಅತ್ತೆಯವರೂ ನಾನೂ ಹನ್ನೆರಡು ವರ್ಷ ಆ ಬಟ್ಟಲಿನ ಮಾತನ್ನು ಒಮ್ಮೆಯೂ ಆಡಲಿಲ್ಲ. ಮಾತಾಡಿದ್ದೆಲ್ಲ ಗೌರಿಯ ಸಾಲಿ, ಗೌರಿಯ ಜ್ವರ.

ಹೋದ ತಿಂಗಳು ಅವರ ಕಾರ್ಯ ಮುಗಿದು ಮಂದಿ ಉಂಡು ಹೋದ ಮೇಲೆ ಗೌರಿಯನ್ನು ವಿಜಯಪುರದ ಬಸ್ಸಿಗೆ ಬಿಡಲು ಇಂಡಿ ಬಸ್‌ ಸ್ಟ್ಯಾಂಡಿಗೆ ಕರೆದೊಯ್ದೆ. ಅವಳು ಅಲ್ಲಿ ಹಾಸ್ಟೆಲಿನಲ್ಲಿ ಇದ್ದು ಡಿಗ್ರಿ ಓದುತ್ತಾಳೆ, ಮರುದಿನ ಪರೀಕ್ಷೆ ಇತ್ತು. ಬಸ್ಸು ಇನ್ನೂ ಬಂದಿರಲಿಲ್ಲ. ಗಾಡಿಯೊಳಗೇ ಕೂತಿದ್ದೆವು. ಅತ್ತೆಯವರು ಈಗ ಇಲ್ಲ, ಇನ್ನು ಹೇಳಿದರೆ ಅವರಿಗೆ ನೋವಾಗುವುದಿಲ್ಲ ಅಂತ ಹನ್ನೊಂದು ದಿನದಿಂದ ಯೋಚಿಸುತ್ತಿದ್ದೆ. ಹೇಳಿದರೆ ಅವಳಿಗೆ ಆಯಿ ಇಲ್ಲದಂತಾಗುತ್ತದೆ ಅಂತಲೂ ಯೋಚಿಸುತ್ತಿದ್ದೆ.

‘ಗೌರಿ, ನಿಮ್ಮವ್ವಂದು ಒಂದ ಮಾತ ಹೇಳೂದೈತಿ’ ಅಂದೆ.

‘ಸಜ್ಜಕದ್ದೇನು?’ ಅಂದಳು. ‘ಗೊತ್ತೈತಪ್ಪಾ. ಆಯಿ ಹೇಳ್ಯಾಳ.’

ನನ್ನ ಕೈ ಸ್ಟೇರಿಂಗಿನ ಮೇಲೇ ಇತ್ತು. ‘ಯಾವಾಗ?’

‘ನೀ ಪೇಡೆ ತಂದಿದ್ದಿ ನೋಡು, ಅವತ್ತ. ನೀ ಹೋದ ಮ್ಯಾಲ ಮುಂದ ಕುಂಡ್ರಿಸಿಕೊಂಡು ಎಲ್ಲಾ ಹೇಳಿದ್ಲು. ನಿಮ್ಮಪ್ಪ ತಿನ್ನಿಸಿಲ್ಲ, ಈ ಕೈ ತಿನ್ನಿಸಿದ್ದು ಅಂತ ಕೈ ತೋರಿಸಿದ್ಲು.’

‘ಎಂಟ ವರ್ಷದ ಕೂಸಿಗೆ?’

‘ಹೂಂ.’

‘ಮತ್ತ ನೀ ಆಕಿ ಕೈಲೆ ಉಂಡಿ?’

ಗೌರಿ ಕಿಟಕಿಯಾಚೆ ನೋಡಿದಳು. ಕಡಲೆಕಾಯಿ ಮಾರುವವಳು ನಮ್ಮ ಗಾಡಿಯ ಮುಂದಿನಿಂದ ಹಾದು ಹೋದಳು. ‘ಅವತ್ತ ಸಂಜಿ ಉಣಲಿಲ್ಲ. ಮರುದಿನ ಸಾಲಿಗೆ ಹಂಗ ಹೋದೆ. ಆಕಿನೂ ಏನೂ ಮುಟ್ಟಲಿಲ್ಲ, ನನ್ನ ಮುಂದ ತಾಟು ಇಟಗೊಂಡು ಕುಂತಳು. ಆಮ್ಯಾಲ ನನಗ ಹಸಿವಾತು. ಬಾಯಿ ತಗದೆ. ಸಣ್ಣಾಕಿ ಇದ್ದೆನಲ್ಲ, ಎಷ್ಟ ದಿನಾ ಸಿಟ್ಟ ಮಾಡಲಿ?’

‘ನನಗ ಹೇಳಬಾರದಿತ್ತೇನು? ಹತ್ತ ವರ್ಷ ನಾ ಹೆಂಗ...’

‘ಆಯಿ ಬ್ಯಾಡಂದಿದ್ಲು. ನಿಮ್ಮಪ್ಪ ನನ್ನ ತಪ್ಪ ಇಷ್ಟ ದಿನಾ ಹೊತ್ತಾನ, ಸುಮ್ಮಸುಮ್ಮನ ಹೊತ್ತೆ ಅಂತ ಆತಗ ಅನಸಬಾರದು. ನಾ ಇರೂತನ ಹೊರಲಿ ಬಿಡು ಅಂದ್ಲು.’

ಬಸ್ಸು ಬಂತು. ಕಂಡಕ್ಟರ ವಿಜಯಪುರ, ವಿಜಯಪುರ ಅಂತ ಕೂಗತೊಡಗಿದ. ಗೌರಿ ಚೀಲ ತೆಗೆದುಕೊಂಡು ಇಳಿದು, ಸುತ್ತು ಹಾಕಿ ನನ್ನ ಕಿಟಕಿಯ ಹತ್ತಿರ ಬಂದಳು.

‘ಅಪ್ಪಾ, ನೀ ಮೇಡಂ ಅವರಿಗೆ ಸುಳ್ಳ ಹೇಳಿದಿ, ಅದಷ್ಟ ನಿಂದು’ ಅಂದಳು. ‘ತಿನ್ನಿಸಿದ್ದು ನಿಂದಲ್ಲ. ಅದನ್ನ ಇನ್ನ ಬಿಡು.’

ಬಸ್ಸಿನ ಮೆಟ್ಟಿಲು ಹತ್ತಿ ಒಳಗೆ ಜಾಗ ಹುಡುಕಿ ಕೂತಳು. ಕೈ ಮಾಡಿದಳು. ಹನ್ನೆರಡು ವರ್ಷದಲ್ಲಿ ನನ್ನ ತಪ್ಪು ಎಷ್ಟು ಅಂತ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಬೈದವರು ಎಲ್ಲವನ್ನೂ ನನ್ನ ಮೇಲೆ ಹಾಕಿದ್ದರು, ಬೈಯದವರು ಏನೂ ಹೇಳಿರಲಿಲ್ಲ. ಅವಳು ನನ್ನ ಪಾಲಿಗೆ ಉಳಿಸಿದ್ದು ‘ಖಾಲಿ ಐತ್ರಿ’ ಅಂದ ಎರಡೇ ಮಾತು. ಸಣ್ಣದಲ್ಲ ಅದು. ಆದರೆ ನನ್ನದು ಅಷ್ಟೇ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಗಾಡಿ ಹೊಳ್ಳಿಸಿಕೊಂಡು ಸಿಂದಗಿಗೆ ಬಂದೆ.